ಎರಿ ನೆಲ, ಹೊಸ ಪ್ಲಾಟು: ಮನೆ ಕಟ್ಟುವವರ ಪ್ರಶ್ನೆಗಳಿಗೆ ಉತ್ತರ

ವಿಜಯಪುರದಿಂದ ಇಂಡಿ ರಸ್ತೆ, ಅಥಣಿ ರಸ್ತೆ, ಸೊಲಾಪುರ ರಸ್ತೆ, ಬಾಗಲಕೋಟೆ ರಸ್ತೆ ಯಾವ ಕಡೆ ಹೊರಟರೂ ಜೋಳ, ಕಡಲೆ ಬಿತ್ತುತ್ತಿದ್ದ ಹೊಲಗಳಲ್ಲಿ ಪ್ಲಾಟಿನ ಕಲ್ಲು ನಿಂತಿವೆ. ಈ ಸಲದ ಪತ್ರಗಳಲ್ಲಿ ಬಹುಪಾಲು ಅಲ್ಲಿಂದಲೇ ಬಂದಿವೆ. ಒಂದೇ ವಿಷಯದ ಪತ್ರಗಳನ್ನು ಕೂಡಿಸಿ ಉತ್ತರಿಸಿದ್ದೇವೆ. ಬಿರುಕು ಮತ್ತು ಪಾಯದ ಪ್ರಶ್ನೆಗಳಿಗೆ ಹೆಚ್ಚು ಜಾಗ ಹೋಗಿದೆ, ಏಕೆಂದರೆ ಈ ಭಾಗದಲ್ಲಿ ಜನ ಕಷ್ಟಪಟ್ಟು ಕೂಡಿಟ್ಟ ಹಣ ಹೆಚ್ಚು ಹಾಳಾಗುವುದು ಅಲ್ಲೇ.

ಪ್ರಶ್ನೆ: ನಮ್ಮ ಮನಿ ಕಟ್ಟಿ ಮೂರು ವರ್ಷ ಆತು. ಜಾಗಾ ಪೂರಾ ಎರಿ. ನಾಕು ಫೂಟು ತೆಗಿಸಿ ಕಲ್ಲಿನ ಪಾಯಾ ಹಾಕಿಸೀವಿ. ಕಿಡಕಿ ಮೂಲಿಯಿಂದ ಓರೆಯಾಗಿ ಬಿರುಕು ಬಿಟ್ಟಾವ. ಬ್ಯಾಸಿಗ್ಯಾಗ ದೊಡ್ಡು ಆಗ್ತಾವ, ಮಳಿ ಆದ ಮ್ಯಾಲ ಸಣ್ಣು ಆಗ್ತಾವ. ಅಡಗಿ ಮನಿ ಫರಸಿ ನಡುವ ಎದ್ದೈತಿ, ಬಾಗಲಾ ಹಾಕಾಕ ಬರವಲ್ದು. ಎರಡು ಸಲ ಸಿಮೆಂಟ್ ತುಂಬಿಸಿದ್ರೂ ಮತ್ತ ಅದ ಹಾಡು. ಗೌಂಡಿ ‘ಮೂಲಿಗೊಂದು ಕಾಲಂ ಕೊಟ್ರ ನಿಲ್ತೈತಿ’ ಅಂತಾರ. ಏನ್ ಮಾಡೂದ್ರಿ?
— ಇಂಡಿ ರಸ್ತೆ, ವಿಜಯಪುರ

ಉತ್ತರ: ಕಾಲಂ ಮಾತು ಸದ್ಯಕ್ಕೆ ಬಿಡಿ. ನಾಲ್ಕು ಫೂಟಿನ ಅದೇ ಎರಿಯಲ್ಲಿ ಕಾಲಂ ನಿಲ್ಲಿಸಿದರೆ ಗೋಡೆಯ ಜತೆ ಅದೂ ಏಳುತ್ತದೆ, ಅದೂ ಇಳಿಯುತ್ತದೆ.

ಎರಿ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಇದೆ. ನೀರು ಹೀರಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಈ ಏರಿಳಿತ ನೆಲದಿಂದ ಸುಮಾರು 3.5 ಮೀಟರ್ ಆಳದವರೆಗೂ ನಡೆಯುತ್ತದೆ ಎಂದು ಲೆಕ್ಕ ಹಿಡಿಯುತ್ತಾರೆ. ನಿಮ್ಮ ಪಾಯ ಇರುವುದು 1.2 ಮೀಟರಿನಲ್ಲಿ, ಅಂದರೆ ಏರಿಳಿತದ ನಟ್ಟನಡುವೆ. ಒಂದಂತಸ್ತಿನ ಮನೆಯ ಭಾರಕ್ಕಿಂತ ಈ ಮಣ್ಣು ಉಬ್ಬುವಾಗ ಮೇಲಕ್ಕೆ ಒತ್ತುವ ಬಲವೇ ಹೆಚ್ಚಿರಬಹುದು. ಸಣ್ಣ ಮನೆ ಹಗುರ, ಅದಕ್ಕೆ ಏನೂ ಆಗದು ಎಂಬ ನಂಬಿಕೆ ಇಲ್ಲಿ ತಿರುಗುಮುರುಗು.

ಮನೆಯ ನಡುಭಾಗದ ಕೆಳಗಿನ ಮಣ್ಣಿಗೆ ಬಿಸಿಲು ತಾಕುವುದಿಲ್ಲ, ತೇವ ಉಳಿಯುತ್ತದೆ. ಸುತ್ತಲಿನ ಗೋಡೆಗಳ ಕೆಳಗಿನ ಮಣ್ಣು ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಮೂಲೆಗಳು ಇಳಿಯುತ್ತವೆ. ಬಿರುಕು ಮೇಲೆ ಅಗಲ, ಕೆಳಗೆ ಸಣ್ಣ ಇದ್ದರೆ ಇದೇ ಕಾರಣ. ಕೆಳಗೆ ಅಗಲ, ಮೇಲೆ ಸಣ್ಣ ಇದ್ದರೆ ಉಲ್ಟಾ: ಹೊರಗಿನಿಂದ ನೀರು ಇಳಿದು ಅಂಚುಗಳೇ ಎದ್ದಿವೆ. ಮೊದಲು ಇದನ್ನು ನೋಡಿ ಬರೆದಿಟ್ಟುಕೊಳ್ಳಿ. ಅಡುಗೆ ಮನೆ ಫರಸಿ ಎದ್ದಿರುವುದಕ್ಕೆ ಬೇರೆ ಕಾರಣ ಇರುವ ಸಂಭವ ಹೆಚ್ಚು. ಪಾಯ ತೋಡಿದ ಎರಿಯನ್ನೇ ಪ್ಲಿಂತ್ (ನೆಲಕಟ್ಟು) ಒಳಗೆ ತುಂಬಿ ಅದರ ಮೇಲೆ ಫರಸಿ ಹಾಕಿರುತ್ತಾರೆ. ಮಣ್ಣು ಸಾಗಿಸುವ ಖರ್ಚು ಉಳಿಯಿತು ಅಂದುಕೊಳ್ಳುತ್ತಾರೆ, ಅಡುಗೆ ಮನೆ, ಬಚ್ಚಲಿನ ನೀರು ಸ್ವಲ್ಪ ಇಳಿದರೂ ಅದು ಉಬ್ಬಿ ಏಳುತ್ತದೆ.

ಕೆಲಸ ಶುರು ಮಾಡಬೇಕಾದ್ದು ನೀರಿನಿಂದ. ರಾತ್ರಿ ಎಲ್ಲ ನಲ್ಲಿ ಬಂದ್ ಮಾಡಿ ನೀರಿನ ಮೀಟರ್ ಓದಿ, ಬೆಳಗ್ಗೆ ಯಾರೂ ನೀರು ಮುಟ್ಟುವ ಮೊದಲು ಮತ್ತೆ ಓದಿ. ಮುಳ್ಳು ಸರಿದಿದ್ದರೆ ನೆಲದಡಿಯ ಪೈಪು ಸೋರುತ್ತಿದೆ. ಮೀಟರ್ ಇಲ್ಲದಿದ್ದರೆ ಮೇಲಿನ ಟ್ಯಾಂಕಿನೊಳಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ ನೋಡಬಹುದು. ಮಾಳಿಗೆಯಿಂದ ಬೀಳುವ ಮಳೆನೀರಿನ ಪೈಪು, ಬಚ್ಚಲ ನೀರು ಎರಡನ್ನೂ ಗೋಡೆಯಿಂದ ಕನಿಷ್ಠ 3 ಮೀಟರ್ ಆಚೆ ಒಯ್ಯಿರಿ. ಇಂಗುಗುಂಡಿ ಗೋಡೆಗೆ ಹತ್ತಿಕೊಂಡಿದ್ದರೆ ಮುಚ್ಚಿ ದೂರ ತೋಡಿಸಿ.

ಆಮೇಲೆ ಮನೆಯ ಸುತ್ತ ಪಟ್ಟಿ. ಗೋಡೆಯಿಂದ 1.5ರಿಂದ 2 ಮೀಟರ್ ಅಗಲ, 60 ಸೆಂ.ಮೀ. ಆಳ ಎರಿ ತೆಗೆಸಿ ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿಸಿ. ಗರಸನ್ನು 15 ಸೆಂ.ಮೀ. ಪದರಗಳಲ್ಲಿ ನೀರು ಚಿಮುಕಿಸಿ ಧಮ್ಮಸು ಹೊಡೆಸಬೇಕು, ಒಂದೇ ಸಲ ಸುರಿದರೆ ಮುಂದೆ ಕುಸಿಯುತ್ತದೆ. ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ, ಹಾಳೆಯ ಮೇಲೆ 75ರಿಂದ 100 ಮಿ.ಮೀ. ಕಾಂಕ್ರೀಟು. ಇಳಿಜಾರು ಹೊರಗಡೆಗೆ, 2 ಮೀಟರಿಗೆ ಸುಮಾರು 7 ಸೆಂ.ಮೀ. ಈ ಪಟ್ಟಿಯನ್ನು ಗೋಡೆಗೆ ಬಿಗಿಯಾಗಿ ಕೂಡಿಸಬೇಡಿ. ಸಂದಿಯಲ್ಲಿ ಡಾಂಬರು ತುಂಬಿದರೆ ನೀರೂ ಇಳಿಯದು, ಪಟ್ಟಿ ಏರಿಳಿದರೂ ಗೋಡೆಗೆ ತಾಗದು. ಗೋಡೆಯ ಪಕ್ಕದಲ್ಲಿ ಬೇವು, ಅರಳಿಯಂಥ ಮರ ಇದ್ದರೆ ಅದರ ಬೇರು ಬೇಸಿಗೆಯಲ್ಲಿ ಮಣ್ಣಿನ ತೇವ ಎಳೆಯುತ್ತದೆ. ಹೊಸದಾಗಿ ಹಚ್ಚುವವರು ಮರ ಬೆಳೆದಾಗ ಎಷ್ಟು ಎತ್ತರವೋ ಹೆಚ್ಚುಕಡಿಮೆ ಅಷ್ಟು ದೂರ ಹಚ್ಚಬೇಕು.

ಬಿರುಕು ಮುಚ್ಚುವುದು ಕೊನೆಯ ಕೆಲಸ. ಬಿರುಕಿನ ಎರಡೂ ಬದಿ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯಿರಿ. ಮೇ ಕೊನೆಗೆ ಒಮ್ಮೆ, ಅಕ್ಟೋಬರಿನಲ್ಲಿ ಒಮ್ಮೆ ಅಳೆಯಿರಿ. ಒಂದು ಬೇಸಿಗೆ, ಒಂದು ಮಳೆಗಾಲ ಕಳೆದ ಮೇಲೂ ಗೆರೆಗಳ ನಡುವಿನ ಅಂತರ ಬದಲಾಗದಿದ್ದರೆ ಆಗ ಗಿಲಾವು ಕೆತ್ತಿ, ಬಿರುಕಿಗೆ ಅಡ್ಡಲಾಗಿ 8 ಮಿ.ಮೀ. ಸಲಾಕೆಯ ತುಂಡುಗಳನ್ನು ಕೂಡಿಸಿ ಪಾಲಿಮರ್ ಗಾರೆಯಿಂದ ತುಂಬಿಸಬಹುದು. ಅಡುಗೆ ಮನೆಯಲ್ಲಿ ಫರಸಿ ಕಿತ್ತು, ಕೆಳಗಿನ ಎರಿ ಪೂರ್ತಿ ತೆಗೆದು ಗರಸು ತುಂಬದೆ ಬೇರೆ ದಾರಿ ಇಲ್ಲ. ಇಷ್ಟೆಲ್ಲ ಮಾಡಿದ ಮೇಲೂ ಬಿರುಕು ಬೆಳೆಯುತ್ತಲೇ ಹೋದರೆ ಪಾಯದ ಅಡಿಗೆ ಹೋಗಿ ಗಟ್ಟಿ ನೆಲದವರೆಗೆ ಆಸರೆ ಕೊಡುವ ಕೆಲಸ. ಅದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಕೈಗೇ ಕೊಡಬೇಕು, ಗೌಂಡಿಗೆ ಬಿಡಬಾರದು.

ಪ್ರಶ್ನೆ: 30×40 ಪ್ಲಾಟಿನಲ್ಲಿ ಹೊಸ ಮನೆ ಕಟ್ಟಬೇಕೆಂದಿದ್ದೇವೆ. ಮಣ್ಣು ಪರೀಕ್ಷೆ ದೊಡ್ಡ ಕಟ್ಟಡಕ್ಕೆ ಮಾತ್ರ, ಸುಮ್ಮನೆ ಖರ್ಚು ಎನ್ನುತ್ತಾರೆ. ನಿಜವೇ? ಎರಿಯಲ್ಲಿ ಯಾವ ಪಾಯ ಸರಿ?
— ಜಲನಗರ, ವಿಜಯಪುರ

ಉತ್ತರ: ಪರೀಕ್ಷೆ ಬೇಕೇ ಬೇಕು. ಪ್ಲಾಟಿನ ಎರಡು ಎದುರು ಮೂಲೆಗಳಲ್ಲಿ ಗರಸು ಸಿಗುವವರೆಗೆ ಗುಂಡಿ ತೋಡಿಸಿ. ಒಂದೇ ಗುಂಡಿ ಸಾಲದು, ಏಕೆಂದರೆ ನಮ್ಮಲ್ಲಿ ಎರಿಯ ಕೆಳಗಿನ ಕರಿಕಲ್ಲಿನ ಹಾಸು ಸಮನಾಗಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಫೂಟಿಗೆ ಗರಸು ಬಂದು ಇನ್ನೊಂದರಲ್ಲಿ ಹತ್ತು ಫೂಟಾದರೂ ಬರದಿರಬಹುದು. ಅರ್ಧ ಮನೆ ಕಲ್ಲಿನ ಮೇಲೆ, ಅರ್ಧ ಮನೆ ಎರಿಯ ಮೇಲೆ ಕೂತರೆ ಪೂರ್ತಿ ಎರಿಯ ಮೇಲೆ ಕೂತದ್ದಕ್ಕಿಂತ ಕೆಟ್ಟದಾಗಿ ಒಡೆಯುತ್ತದೆ. ಆಗುವುದಾದರೆ ಈ ಗುಂಡಿಯನ್ನು ಪ್ಲಾಟು ಕೊಳ್ಳುವ ಮೊದಲೇ ತೋಡಿಸಿ. ಎರಿಯ ಆಳ ಗೊತ್ತಾದರೆ ದರ ಮಾತಾಡಲು ನಿಮ್ಮ ಕೈಯಲ್ಲಿ ಒಂದು ಲೆಕ್ಕ ಇರುತ್ತದೆ.

ಮಣ್ಣು ಎಷ್ಟು ಉಬ್ಬುತ್ತದೆಂದು ತೋರಿಸುವ ಸರಳ ಪರೀಕ್ಷೆಯೊಂದು ಐಎಸ್ (ಭಾರತೀಯ ಮಾನಕ) 2720ರ 40ನೇ ಭಾಗದಲ್ಲಿದೆ. ಐದು ಫೂಟು, ಎಂಟು ಫೂಟು ಆಳದಿಂದ ತೆಗೆದ ಮಣ್ಣನ್ನು ಬೇರೆ ಬೇರೆ ಒಣಗಿಸಿ, 425 ಮೈಕ್ರಾನ್ ಜರಡಿಯಲ್ಲಿ ಸೋಸಿ, 10 ಗ್ರಾಂನಂತೆ ಎರಡು ಪಾಲು ತೂಗುತ್ತಾರೆ. 100 ಮಿಲಿಲೀಟರಿನ ಎರಡು ಅಳತೆ ಜಾಡಿಗಳಲ್ಲಿ ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಮಣ್ಣು ಸುರಿದು, ಒಳಗಿನ ಗಾಳಿಗುಳ್ಳೆ ಹೋಗುವಂತೆ ಕಲಕಿ, 24 ತಾಸು ಅಲುಗಾಡಿಸದೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅಲ್ಲಿ ಮಣ್ಣು 10 ಮಿಲಿಲೀಟರ್ ಗೆರೆಗೆ ಕೂತು, ನೀರಿನಲ್ಲಿ 18ಕ್ಕೆ ಏರಿದ್ದರೆ ಉಬ್ಬು ಶೇ 80. ಶೇ 50ಕ್ಕಿಂತ ಕಡಿಮೆ ಇದ್ದರೆ ಉಬ್ಬು ಅಷ್ಟಾಗಿ ಇಲ್ಲ, 50ರಿಂದ 100 ಮಧ್ಯಮ, 100 ದಾಟಿದರೆ ಹೆಚ್ಚು, 200 ದಾಟಿದರೆ ತೀರಾ ಹೆಚ್ಚು. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದನ್ನು ಮಾಡುತ್ತಾರೆ. ಜತೆಗೆ ಮಣ್ಣಿನ ಭಾರ ಹೊರುವ ಶಕ್ತಿಯ ವರದಿಯನ್ನೂ ಬರೆಯಿಸಿಕೊಳ್ಳಿ.

ಪಾಯದ ಆಯ್ಕೆ ಗುಂಡಿಯಲ್ಲಿ ಕಂಡದ್ದರ ಮೇಲೆ. ಎಂಟು ಫೂಟಿನೊಳಗೆ ಎಲ್ಲ ಕಡೆ ಗಟ್ಟಿ ಗರಸು ಸಿಕ್ಕರೆ ಎರಿ ದಾಟಿ ಗರಸಿನೊಳಗೆ ಕಾಲಂ ಫೂಟಿಂಗ್ ಕೂರಿಸುವುದೇ ನೇರ ದಾರಿ. ಫೂಟಿಂಗ್ ಸುತ್ತಲಿನ ಗುಂಡಿಯನ್ನು ಮತ್ತೆ ಎರಿಯಿಂದ ಮುಚ್ಚಬಾರದು, ಗರಸೇ ತುಂಬಬೇಕು. ಗರಸು ಅದಕ್ಕಿಂತ ಆಳದಲ್ಲಿದ್ದರೆ ಅಂಡರ್‌ರೀಮ್ ಪೈಲ್: ನೆಲ ಕೊರೆದು, ತಳದ ಹತ್ತಿರ ಅಗಲಿಸಿ, ಕಾಂಕ್ರೀಟು ತುಂಬಿದ ಕಂಬ. ಉದ್ದ 3.5 ಮೀಟರಿಗಿಂತ ಕಡಿಮೆ ಇರಬಾರದು. ಉಬ್ಬಿದ ತಳದ ವ್ಯಾಸ ಕಂಬದ ವ್ಯಾಸದ ಎರಡೂವರೆ ಪಟ್ಟು, ಅಂದರೆ 30 ಸೆಂ.ಮೀ. ಕಂಬಕ್ಕೆ 75 ಸೆಂ.ಮೀ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಎತ್ತಲು ನೋಡಿದಾಗ ಈ ತಳ ಹಿಡಿದು ನಿಲ್ಲಿಸುತ್ತದೆ.

ಇಲ್ಲಿ ತಪ್ಪುವುದು ಎರಡು ಕಡೆ. ಕೊರೆದ ಗುಂಡಿಯನ್ನು ರಾತ್ರಿ ಹಾಗೇ ಬಿಟ್ಟರೆ ಉಬ್ಬಿದ ಭಾಗದ ಮಣ್ಣು ಕುಸಿದು ತಳ ಮುಚ್ಚುತ್ತದೆ, ಮೇಲಿನಿಂದ ನೋಡಿದವರಿಗೆ ಕಾಣುವುದಿಲ್ಲ. ಕೊರೆದ ದಿನವೇ ಕಾಂಕ್ರೀಟು ಬೀಳಬೇಕು. ಎರಡನೆಯದು ಪೈಲುಗಳನ್ನು ಕೂಡಿಸುವ ಪ್ಲಿಂತ್ ಬೀಮಿನದು. ಬೀಮಿನ ತಳಕ್ಕೂ ನೆಲಕ್ಕೂ ನಡುವೆ 80 ಮಿ.ಮೀ. ಖಾಲಿ ಜಾಗ ಬಿಡಬೇಕು, ಮಣ್ಣು ಉಬ್ಬಿದರೆ ಆ ಜಾಗದೊಳಗೇ ಉಬ್ಬಲಿ ಎಂದು. ‘ಹುಳ ಹುಪ್ಪಡಿ ಸೇರ್ತಾವ’ ಎಂದು ಕೆಲಸದವರು ಅದನ್ನು ಮಣ್ಣಿನಿಂದಲೇ ಬಿಗಿಯಾಗಿ ತುಂಬಿಬಿಟ್ಟರೆ ಪೈಲಿಗೆ ಸುರಿದ ಹಣ ವ್ಯರ್ಥ. ಹೊರಬದಿಗೆ ತೆಳು ಇಟ್ಟಿಗೆಯ ಮರೆ ಕಟ್ಟಿ, ಒಳಗೆ ಖಾಲಿ ಉಳಿಸಿರಿ. ಮುಚ್ಚುವ ಮೊದಲು ನೀವೇ ಅಳೆದು ನೋಡಿ, ಫೋಟೊ ತೆಗೆದಿಡಿ.

ಪ್ರಶ್ನೆ: ಊರ ಹೊರಗೆ ಒಂದು ಗುಂಟೆ, ಎರಡು ಗುಂಟೆಯ ಪ್ಲಾಟು ಮಾರುತ್ತಿದ್ದಾರೆ. ‘ಎನ್‌ಎ ಆಗೇದ, ಸದ್ಯಕ್ಕೆ ಬಾಂಡ್ ಮೇಲೆ ಬರೆದುಕೊಡ್ತೀವಿ, ಆಮೇಲೆ ಉತಾರ ಮಾಡಿಕೊಡ್ತೀವಿ’ ಎನ್ನುತ್ತಾರೆ. ಕೊಳ್ಳಬಹುದೇ?
— ಅಥಣಿ ರಸ್ತೆ, ವಿಜಯಪುರ. ಇದೇ ಪ್ರಶ್ನೆ ಬೆಳಗಾವಿಯಿಂದಲೂ

ಉತ್ತರ: ಬಾಂಡ್ ಮೇಲೆ ಕೊಳ್ಳಬೇಡಿ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಸ್ಥಿರಾಸ್ತಿಯ ಮಾರಾಟ ನೋಂದಣಿ ಆಗಲೇಬೇಕು. ನೋಟರಿ ಸಹಿ, ಮುಖ್ತಿಯಾರ ಪತ್ರ ಇವುಗಳಿಂದ ಮಾಲಿಕತ್ವ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಸ್ಪಷ್ಟಪಡಿಸಿದೆ.

‘ಎನ್‌ಎ ಆಗೇದ’ ಎಂಬ ಒಂದು ಮಾತಿನೊಳಗೆ ನಾಲ್ಕು ಬೇರೆ ಬೇರೆ ಕಾಗದ ಅಡಗಿರುತ್ತವೆ, ಮಾರುವವರು ಒಂದನ್ನು ತೋರಿಸಿ ನಾಲ್ಕೂ ಇವೆ ಎನಿಸುತ್ತಾರೆ. ಮಾಸ್ಟರ್ ಪ್ಲಾನಿನಲ್ಲಿ ಆ ಸರ್ವೆ ನಂಬರು ಯಾವ ವಲಯದಲ್ಲಿದೆ ಎಂಬುದು ಒಂದು. ಇದನ್ನು ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಕೇಳಿ ಪಡೆಯಬಹುದು. ಕೃಷಿಯೇತರ ಬಳಕೆಗೆ ಜಿಲ್ಲಾಧಿಕಾರಿಗಳು 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅಡಿ ಕೊಟ್ಟ ಭೂಪರಿವರ್ತನೆ ಆದೇಶ ಎರಡನೆಯದು. ಜನ ಎನ್‌ಎ ಎನ್ನುವುದು ಇದಕ್ಕೆ. ಮೂರನೆಯದು ಲೇಔಟ್ ನಕ್ಷೆಯ ಮಂಜೂರಾತಿ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 17ನೇ ಕಲಂ ಅಡಿ. ನಾಲ್ಕನೆಯದು ಖಾತೆ: ಪಾಲಿಕೆ ವ್ಯಾಪ್ತಿಯಾದರೆ ಇ-ಆಸ್ತಿ, ಪಂಚಾಯ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11.

ಹೆಚ್ಚು ಜನ ಸಿಕ್ಕಿಬೀಳುವುದು ಎರಡನೆಯ ಮತ್ತು ಮೂರನೆಯ ಕಾಗದದ ನಡುವೆ. ಹೊಲ ಎನ್‌ಎ ಆಗಿರುತ್ತದೆ, ಲೇಔಟ್ ಮಂಜೂರಾಗಿರುವುದಿಲ್ಲ. ಸುಣ್ಣದ ಗೆರೆ ಎಳೆದು ರಸ್ತೆ ಎಂದು ತೋರಿಸುತ್ತಾರೆ. ಆ ರಸ್ತೆ, ಉದ್ಯಾನದ ಜಾಗ ಪ್ರಾಧಿಕಾರಕ್ಕೋ ಪಾಲಿಕೆಗೋ ಹಸ್ತಾಂತರ ಆಗದಿದ್ದರೆ ಅದು ಈಗಲೂ ಹೊಲದ ಮಾಲೀಕರದ್ದೇ. ಮುಂದೆ ಅದನ್ನೂ ಪ್ಲಾಟು ಮಾಡಿ ಮಾರಬಹುದು. ಆದ್ದರಿಂದ ಮಂಜೂರಾದ ನಕ್ಷೆ, ಹಸ್ತಾಂತರ ಪತ್ರ, ನಿಮ್ಮ ಪ್ಲಾಟಿನ ನಂಬರು ಬಿಡುಗಡೆ ಆದ ಪತ್ರ ಮೂರನ್ನೂ ಕೇಳಿ. ಪ್ಲಾಟುಗಳನ್ನು ಹಂತಹಂತವಾಗಿ ಬಿಡುಗಡೆ ಮಾಡುತ್ತಾರೆ, ರಸ್ತೆ, ಗಟಾರು, ವಿದ್ಯುತ್ ಕೆಲಸ ಮುಗಿದಷ್ಟಕ್ಕೆ.

ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಖರಾಬಿನ ಕಾಲಂ ತಪ್ಪದೆ ಓದಿ. ‘ಅ’ ಖರಾಬು ಬೇಸಾಯಕ್ಕೆ ಬಾರದ ಖಾಸಗಿ ನೆಲ. ‘ಬ’ ಖರಾಬು ಹಳ್ಳ, ದಾರಿಯಂಥ ಸಾರ್ವಜನಿಕ ಜಾಗ, ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಸರ್ವೆ ನಕ್ಷೆಯಲ್ಲಿ ಹಳ್ಳ ಎಲ್ಲಿ ಹಾದಿದೆ ಎಂದು ನೋಡಿ, ಆಮೇಲೆ ಪ್ಲಾಟಿಗೆ ಹೋಗಿ ನಿಲ್ಲಿ. ಒಣ ಹಳ್ಳವನ್ನು ಗರಸು ಸುರಿದು ಮುಚ್ಚಿದ್ದರೆ ಸೆಪ್ಟೆಂಬರಿನ ದೊಡ್ಡ ಮಳೆಗೆ ನೀರು ಅದೇ ದಾರಿ ಹಿಡಿಯುತ್ತದೆ.

ಪ್ರಶ್ನೆ: ಕೋಟೆಯೊಳಗಿನ ಹಳೇ ಓಣಿಯಲ್ಲಿ ನಮ್ಮ ಮನೆ ಬೀಳುವಂತಾಗಿದೆ. ಹತ್ತಿರದಲ್ಲಿ ಸಂರಕ್ಷಿತ ಸ್ಮಾರಕ ಇದೆ. ಕೆಡವಿ ಕಟ್ಟಬಹುದೇ?
— ವಿಜಯಪುರ

ಉತ್ತರ: ದೂರ ಎಷ್ಟು ಎಂಬುದರ ಮೇಲಿದೆ. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. 1958ರ ಕಾಯ್ದೆಗೆ 2010ರಲ್ಲಿ ತಂದ ತಿದ್ದುಪಡಿ ಇದನ್ನು ಬಿಗಿ ಮಾಡಿದೆ. ಅಳತೆ ಶುರುವಾಗುವುದು ಗುಮ್ಮಟದ ಗೋಡೆಯಿಂದ ಅಲ್ಲ, ಸಂರಕ್ಷಿತ ಆವರಣದ ಗಡಿಯಿಂದ. ಗೋಳಗುಮ್ಮಟ, ಇಬ್ರಾಹಿಂ ರೋಜಾದಂಥ ವಿಶಾಲ ಆವರಣಗಳಿರುವ ಕಡೆ ಇದರಿಂದ ಲೆಕ್ಕವೇ ಬದಲಾಗುತ್ತದೆ.

ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಇಲ್ಲ. 1992ರ ಜೂನ್ 16ಕ್ಕಿಂತ ಮೊದಲಿನ ಮನೆಯಾಗಿದ್ದರೆ ದುರಸ್ತಿ, ನವೀಕರಣಕ್ಕೆ ಸಕ್ಷಮ ಪ್ರಾಧಿಕಾರದಿಂದ ಒಪ್ಪಿಗೆ ಕೇಳಬಹುದು. ಅದಕ್ಕೆ ಹಳೇ ತೆರಿಗೆ ರಸೀದಿ, ಸಿಟಿ ಸರ್ವೆ ಉತಾರ, ವಿದ್ಯುತ್ ಬಿಲ್ಲು ಇವೇ ಆಧಾರ, ಈಗಲೇ ಹುಡುಕಿ ಒಂದು ಕಡೆ ಇಡಿ. ಕೆಡವುವ ಮೊದಲು ಅನುಮತಿ ಕೈಯಲ್ಲಿರಲಿ. ಕೆಡವಿದ ಮೇಲೆ ಅದು ದುರಸ್ತಿ ಎನಿಸಿಕೊಳ್ಳುವುದು ಕಷ್ಟ, ಮನೆಯೂ ಇಲ್ಲ, ಕಟ್ಟುವ ಹಾಗೂ ಇಲ್ಲ ಎಂಬ ಸ್ಥಿತಿ ಬರುತ್ತದೆ. ನಿಯಂತ್ರಿತ ಪ್ರದೇಶದಲ್ಲಿ ಹೊಸದಾಗಿ ಕಟ್ಟಬಹುದು, ಅದೂ ಅನುಮತಿ ಪಡೆದೇ. ಪಾಲಿಕೆಯ ಪರವಾನಗಿ ಈ ಅನುಮತಿಗೆ ಬದಲಿಯಲ್ಲ. ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

ಪ್ರಶ್ನೆ: ನಮ್ಮದು 30 ಫೂಟು ರಸ್ತೆಯ ವಸತಿ ಬಡಾವಣೆ. ಒಂದು ದೊಡ್ಡ ಪ್ಲಾಟನ್ನು ವಾಣಿಜ್ಯಕ್ಕೆ ಬದಲಾಯಿಸುವ ಬಗ್ಗೆ ಪತ್ರಿಕೆಯಲ್ಲಿ ಪ್ರಕಟಣೆ ಬಂದಿದೆ. ನಾವು ಏನು ಮಾಡಬಹುದು?
— ಸೊಲಾಪುರ ರಸ್ತೆ, ವಿಜಯಪುರ

ಉತ್ತರ: ಅದು ಯೋಜನಾ ಕಾಯ್ದೆಯ 14ಎ ಕಲಂ ಅಡಿಯ ಪ್ರಕ್ರಿಯೆ. ಆಕ್ಷೇಪಣೆ ಕೇಳದೆ ಬದಲಾವಣೆ ಮಾಡುವಂತಿಲ್ಲ, ಬದಲಾವಣೆ ಸಾರ್ವಜನಿಕ ಹಿತಕ್ಕೆ ಇರಬೇಕೆಂದು ಕಲಂ ಹೇಳುತ್ತದೆ. ಪ್ರಕಟಣೆಯಲ್ಲಿ ಗಡುವು ಇರುತ್ತದೆ, ಅದು ದಾಟಿದರೆ ನಿಮ್ಮ ಪತ್ರಕ್ಕೆ ಬೆಲೆ ಇಲ್ಲ.

‘ನಮಗೆ ತೊಂದರೆ ಆಗುತ್ತದೆ’ ಎಂದು ಎಲ್ಲರೂ ಸಹಿ ಹಾಕಿದ ಒಂದು ಅರ್ಜಿಗಿಂತ ಅಳತೆ ಇರುವ ಅರ್ಜಿಗೆ ತೂಕ ಹೆಚ್ಚು. ಪ್ರಕಟಣೆಯ ತಾರೀಖು, ಸರ್ವೆ ನಂಬರು ಬರೆಯಿರಿ. ರಸ್ತೆಯನ್ನು ಕಾಂಪೌಂಡಿನಿಂದ ಕಾಂಪೌಂಡಿಗೆ ಟೇಪು ಹಿಡಿದು ಮೂರ್ನಾಲ್ಕು ಕಡೆ ಅಳೆಯಿರಿ, ಕಾಗದದ ಮೇಲಿನ 30 ಫೂಟು ನೆಲದ ಮೇಲೆ 24 ಇರುವುದುಂಟು. ಒಳಚರಂಡಿ ಪೈಪು ಎಷ್ಟು ಇಂಚಿನದು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬೆಂಕಿ ನಂದಿಸುವ ವಾಹನ ತಿರುಗಲು ಜಾಗ ಇದೆಯೇ, ಶಾಲೆ ಎಷ್ಟು ದೂರ, ವಾಹನ ಎಲ್ಲಿ ನಿಲ್ಲುತ್ತವೆ ಎಂಬುದನ್ನು ಫೋಟೊ ಸಮೇತ ಸೇರಿಸಿ. ಪ್ರತಿ ಮನೆಯವರೂ ಬೇರೆ ಬೇರೆ ಅರ್ಜಿ ಕೊಡಿ, ಪ್ರತಿಯೊಂದಕ್ಕೂ ಸ್ವೀಕೃತಿ ಪಡೆಯಿರಿ. ನಂತರ ಏನಾಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು: ಶುಲ್ಕ 10 ರೂಪಾಯಿ, ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರದಂತೆ, ಉತ್ತರಕ್ಕೆ 30 ದಿನ.

ಮಾಸ್ಟರ್ ಪ್ಲಾನ್ ಪರಿಷ್ಕರಣೆಗೂ ಆಕ್ಷೇಪಣೆ ಕರೆಯುತ್ತಾರೆ. ಒಂದು ಪ್ಲಾಟಿಗಾಗಿ ಹೋರಾಡುವ ಬಡಾವಣೆಗಳು ಇಡೀ ಊರಿನ ನಕ್ಷೆ ಬಂದಾಗ ಸುಮ್ಮನಿರುತ್ತವೆ. ಆ ನಕ್ಷೆ ನೋಡಲು ಒಂದು ದಿನ ಕೊಟ್ಟರೆ ಮುಂದಿನ ಹತ್ತು ವರ್ಷದ ಜಗಳಗಳಲ್ಲಿ ಹಲವು ಹುಟ್ಟುವುದೇ ಇಲ್ಲ.

ಪ್ರಶ್ನೆ: ಏಪ್ರಿಲ್‌ನಲ್ಲಿ 1200 ಚದರ ಫೂಟಿನ ಸ್ಲ್ಯಾಬ್ ಇದೆ. ನೀರು ಟ್ಯಾಂಕರಿನದು. ಸ್ಥಳದಲ್ಲಿ ನಿಂತು ನಾವು ಏನೇನು ನೋಡಬೇಕು?
— ಬಾಗಲಕೋಟೆ ರಸ್ತೆ, ವಿಜಯಪುರ

ಉತ್ತರ: ಮೊದಲು ಟ್ಯಾಂಕರಿನ ನೀರನ್ನೇ ಪರೀಕ್ಷೆಗೆ ಕಳಿಸಿ. ಕಬ್ಬಿಣ ಇರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿ.ಗ್ರಾಂ., ಸಲ್ಫೇಟ್ 400 ಮಿ.ಗ್ರಾಂ. ಮೀರಬಾರದು, ಪಿಎಚ್ 6ಕ್ಕಿಂತ ಕೆಳಗಿರಬಾರದು. ಡೋಣಿ ನದಿಯ ಸೀಮೆಯಲ್ಲಂತೂ ನೀರಿನ ಉಪ್ಪು ಎಲ್ಲರಿಗೂ ಗೊತ್ತಿದ್ದದ್ದೇ. ಕೊಳವೆಬಾವಿ ನೀರು ಬಾಯಿಗೆ ಸವಳು ಎನಿಸಿದರೆ ಪರೀಕ್ಷೆ ಇಲ್ಲದೆ ಮಿಕ್ಸರಿಗೆ ಹಾಕಬೇಡಿ. ಟಿಡಿಎಸ್ ಮೀಟರಿನ ಸಂಖ್ಯೆ ನಂಬಬೇಡಿ, ಅದು ಒಟ್ಟು ಲವಣ ಹೇಳುತ್ತದೆ, ಕ್ಲೋರೈಡ್ ಎಷ್ಟೆಂದು ಹೇಳುವುದಿಲ್ಲ. ಕ್ಲೋರೈಡ್ ಒಳಗಿದ್ದು ಸಲಾಕೆಗೆ ತುಕ್ಕು ಹಿಡಿಸುತ್ತದೆ. ತುಕ್ಕು ಊದಿಕೊಂಡು ವರ್ಷಗಳ ಮೇಲೆ ಸ್ಲ್ಯಾಬಿನ ಕೆಳಗಿನ ಪದರ ಉದುರುತ್ತದೆ.

ಎಂ20 ದರ್ಜೆಯ ಕಾಂಕ್ರೀಟಿಗೆ ಸಿಮೆಂಟು, ಉಸುಕು, ಕಡಿ ಅಂದಾಜು 1:1.5:3. ಐದು ಇಂಚಿನ ಸ್ಲ್ಯಾಬಿಗೆ 1200 ಚದರ ಫೂಟಿನಲ್ಲಿ ಸುಮಾರು 14 ಘನ ಮೀಟರ್ ಕಾಂಕ್ರೀಟು, ಘನ ಮೀಟರಿಗೆ ಸುಮಾರು 8 ಚೀಲ ಸಿಮೆಂಟು, ಬೀಮಿನದು ಬೇರೆ. ಕೊನೆಗೆ ಖಾಲಿ ಚೀಲ ಎಣಿಸಿದರೆ ಲೆಕ್ಕ ಸಿಗುತ್ತದೆ. ನೀರು ಚೀಲಕ್ಕೆ 30 ಲೀಟರ್, ಅದಕ್ಕಿಂತ ಹೆಚ್ಚಿಲ್ಲ. ಉಸುಕು ಹಸಿ ಇದ್ದರೆ ಅದರೊಳಗಿನ ನೀರನ್ನೂ ಕಳೆಯಬೇಕು: ಒಂದು ಚೀಲಕ್ಕೆ ಬೀಳುವ ಸುಮಾರು 80 ಕೆ.ಜಿ. ಉಸುಕಿನಲ್ಲಿ ಶೇ 4 ತೇವ ಇದ್ದರೆ ಅಲ್ಲೇ 3 ಲೀಟರ್ ಬಂತು. ಮಿಕ್ಸರ್ ಹತ್ತಿರ ಪೈಪು ಬಿಟ್ಟು ನೀರು ಹಾಕಿಸಬೇಡಿ, ಅಳತೆ ಗೆರೆ ಹಾಕಿದ ಬಕೆಟ್ಟು ಇಡಿಸಿ. ತೆಳ್ಳಗಿದ್ದರೆ ಸುರಿಯಲು ಸುಲಭ, ಕೆಲಸ ಬೇಗ ಮುಗಿಯುತ್ತದೆ, ಅದಕ್ಕೇ ನೀರು ಏರುತ್ತಾ ಹೋಗುತ್ತದೆ. ಕಾಂಕ್ರೀಟಿನ ಶಕ್ತಿ ಕಡಿಮೆ ಆಗುವುದು ಸಿಮೆಂಟಿನ ಬ್ರ್ಯಾಂಡಿನಿಂದಲ್ಲ, ಹೆಚ್ಚಾಗಿ ಈ ನೀರಿನಿಂದ.

ಕಾಂಕ್ರೀಟು ಬೀಳುವ ಮೊದಲು ಕಬ್ಬಿಣ ನೋಡಿ. ಸ್ಲ್ಯಾಬಿನಡಿ 20 ಮಿ.ಮೀ., ಬೀಮಿಗೆ ಕನಿಷ್ಠ 25, ಕಾಲಂಗೆ 40, ಫೂಟಿಂಗಿಗೆ 50 ಮಿ.ಮೀ. ಕವರ್ (ಕಬ್ಬಿಣವನ್ನು ಮುಚ್ಚುವ ಕಾಂಕ್ರೀಟಿನ ದಪ್ಪ) ಇರಬೇಕು. ಅದಕ್ಕೆ ಕಾಂಕ್ರೀಟಿನ ಬಿಲ್ಲೆ ಬಳಸಬೇಕು, ಕಲ್ಲಿನ ಚೂರು ಇಟ್ಟರೆ ಅದು ಜಾರುತ್ತದೆ. ಐಎಸ್ 1893ರ 2016ರ ನಕ್ಷೆಯಲ್ಲಿ ವಿಜಯಪುರ, ಬೆಳಗಾವಿ ಎರಡೂ ಭೂಕಂಪದ ಮೂರನೇ ವಲಯದಲ್ಲಿವೆ. ಆದ್ದರಿಂದ ಕಾಲಂನ ಸಲಾಕೆಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಂಡಿ 90 ಡಿಗ್ರಿಗೆ ಬಾಗಿದರೆ ಸಾಲದು. 135 ಡಿಗ್ರಿಗೆ ಒಳಗಡೆ ಬಾಗಿ, ತುದಿ ಕನಿಷ್ಠ 65 ಮಿ.ಮೀ. ಕಾಲಂನ ತಿರುಳಿನೊಳಗೆ ಹೋಗಿರಬೇಕು. ಕಾಲಂನ ಮೇಲೆ ಮತ್ತು ಕೆಳಗೆ ಕನಿಷ್ಠ 450 ಮಿ.ಮೀ. ಉದ್ದಕ್ಕೆ ರಿಂಗು ಒತ್ತೊತ್ತಾಗಿರಬೇಕು: 300 ಮಿ.ಮೀ. ಕಾಲಂಗೆ 12 ಮಿ.ಮೀ. ಸಲಾಕೆ ಇದ್ದರೆ ಅಂತರ ಸುಮಾರು 70 ಮಿ.ಮೀ. ನೆಲ ಅಲುಗಾಡಿದಾಗ 90 ಡಿಗ್ರಿ ಕೊಂಡಿ ಬಿಚ್ಚಿಕೊಳ್ಳುತ್ತದೆ, ಸಲಾಕೆ ಹೊರಗೆ ಬಾಗುತ್ತದೆ, ಕಾಲಂ ಹೋಗುತ್ತದೆ. ಕೊಂಡಿ ಸರಿಯಾಗಿ ಬಾಗಿಸಲು ಹೆಚ್ಚು ಕಬ್ಬಿಣ ಬೇಡ, ಬಾರ್‌ಬೆಂಡರಿಗೆ ಮೊದಲ ದಿನವೇ ಹೇಳಿದರೆ ಸಾಕು.

ಶಕ್ತಿ ಪರೀಕ್ಷೆಗೆ ಕಾಂಕ್ರೀಟಿನ ಕ್ಯೂಬ್ ತೆಗೆಸಿ. ಬೀಮು ಸೇರಿ 16 ಘನ ಮೀಟರ್ ದಾಟುತ್ತದೆ, ಹಾಗಾಗಿ ಮೂರು ಮಾದರಿ, ಒಂದೊಂದಕ್ಕೆ ಮೂರು ಕ್ಯೂಬ್. ಮಿಕ್ಸರಿನ ಮೊದಲ ಗಾಣದಿಂದ ಎಲ್ಲ ತೆಗೆಯಬಾರದು, ಬೆಳಗ್ಗೆ, ನಡುವೆ, ಕೊನೆಗೆ ಎಂದು ಹಂಚಿ ತೆಗೆಯಬೇಕು. 150 ಮಿ.ಮೀ. ಕ್ಯೂಬ್ 28 ದಿನಕ್ಕೆ 450 ಕಿಲೋನ್ಯೂಟನ್ ಭಾರ ತಡೆದರೆ ಅದು ಎಂ20ರ ಶಕ್ತಿ.

ಏಪ್ರಿಲ್ ಬಿಸಿಲಿನಲ್ಲಿ ನಸುಕಿಗೇ ಶುರು ಮಾಡಿ, ಕಡಿ ಮತ್ತು ಉಸುಕಿನ ಗುಂಪೆಗೆ ಹಿಂದಿನ ದಿನ ನೆರಳು ಮಾಡಿ. ಮೇಲ್ಮೈ ಗಟ್ಟಿಯಾದ ಕೂಡಲೇ ಒದ್ದೆ ಗೋಣಿ, ಮರುದಿನ ಮಡಿ ಕಟ್ಟಿ ನೀರು ನಿಲ್ಲಿಸುವುದು. ಈಗ ಹೆಚ್ಚಾಗಿ ಸಿಗುವ ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಿಗೆ ಬಿಸಿ, ಒಣ ಹವೆಯಲ್ಲಿ 14 ದಿನ ನೀರು ಬೇಕು. ಏಳು ದಿನಕ್ಕೆ ನಿಲ್ಲಿಸಬೇಡಿ. ಕ್ಯೂರಿಂಗ್ ನೀರೂ ಸವಳು ಇರಬಾರದು. ಸಾದಾ ಸಿಮೆಂಟಿನಲ್ಲಿ 4.5 ಮೀಟರ್ ವರೆಗಿನ ಸ್ಲ್ಯಾಬಿನ ಗೂಟ 7 ದಿನ, ಅದಕ್ಕೂ ಉದ್ದದ್ದಕ್ಕೆ 14 ದಿನ, 6 ಮೀಟರ್ ಮೀರಿದ ಬೀಮಿಗೆ 21 ದಿನ. ಪಿಪಿಸಿಗೆ ಇನ್ನೂ ಕೆಲವು ದಿನ ಹೆಚ್ಚು. ಸೆಂಟ್ರಿಂಗಿನವರು ಬೇರೆ ಕೆಲಸಕ್ಕೆ ಹಲಗೆ ಬೇಕೆಂದು ಅವಸರ ಮಾಡಿದರೂ ಗೂಟ ಮುಟ್ಟಗೊಡಬೇಡಿ.

ಪ್ರಶ್ನೆ: ಹಳೇ ಕಲ್ಲು ಮಣ್ಣಿನ ಗೋಡೆಯ ಮನೆ, ಗೋಡೆ ಎರಡು ಫೂಟು ದಪ್ಪ. ಮೇಲ್ಮುದ್ದಿ ತೆಗೆದು ಸ್ಲ್ಯಾಬ್ ಹಾಕಿ ಒಂದು ಮಹಡಿ ಏರಿಸಬಹುದೇ?
— ಬಾಗಲಕೋಟೆ

ಉತ್ತರ: ಬೇಡ. ದಪ್ಪ ಇದೆ ಎಂದರೆ ಗಟ್ಟಿ ಇದೆ ಎಂದಲ್ಲ. ಇಂಥ ಗೋಡೆಯಲ್ಲಿ ಒಳಮುಖದ ಕಲ್ಲು, ಹೊರಮುಖದ ಕಲ್ಲು ಬೇರೆ ಬೇರೆ ನಿಂತು, ನಡುವೆ ಮಣ್ಣು ತುಂಬಿರುತ್ತದೆ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪದಲ್ಲಿ ಮನೆಮಂದಿಯ ಮೇಲೆ ಬಿದ್ದದ್ದು ಇಂಥವೇ ಗೋಡೆ, ಇಂಥವೇ ಭಾರದ ಮಾಳಿಗೆ. ಹಳೇ ಮನೆ ಉಳಿಸುವುದಾದರೆ ಮೇಲ್ಮುದ್ದಿಯ ಭಾರ ಇಳಿಸಿ ಹಗುರ ಛಾವಣಿ ಹಾಕಿ, ಎರಡು ಮುಖ ಕೂಡಿಸುವ ಅಡ್ಡಗಲ್ಲು ಕೂರಿಸಿ, ಬಾಗಿಲಿನ ಮೇಲ್ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಕೊಡಿ. ಮಹಡಿ ಬೇಕೇ ಬೇಕೆಂದರೆ ಅದಕ್ಕೆ ಹೊಸ ಪಾಯ, ಹೊಸ ಕಾಲಂ.

ಪ್ರಶ್ನೆ: ಅಪಾರ್ಟ್‌ಮೆಂಟಿನ ಮನೆಗೆ ಬಂದು ಎರಡು ವರ್ಷ. ಮೇಲಿನವರ ಬಚ್ಚಲಿನಿಂದ ನಮ್ಮ ಛಾವಣಿ ಸೋರುತ್ತಿದೆ. ಬಿಲ್ಡರ್ ‘ಅದು ಮೇಲಿನವರ ಜವಾಬ್ದಾರಿ’ ಎನ್ನುತ್ತಾರೆ.
— ಬೆಳಗಾವಿ

ಉತ್ತರ: ಸ್ವಾಧೀನ ಕೊಟ್ಟ ದಿನದಿಂದ ಐದು ವರ್ಷ ಕಟ್ಟಡದ ರಚನೆ, ಕೆಲಸದ ಗುಣಮಟ್ಟದ ದೋಷ ಬಿಲ್ಡರ್ ಹೊಣೆ. ತಿಳಿಸಿದ 30 ದಿನದೊಳಗೆ ಖರ್ಚಿಲ್ಲದೆ ಸರಿಪಡಿಸಬೇಕು. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಂ ಇದನ್ನು ಹೇಳುತ್ತದೆ.

ದೋಷ ಎಲ್ಲಿದೆ ಎಂದು ಮೊದಲು ಖಚಿತ ಮಾಡಿಕೊಳ್ಳಿ. ಮೇಲಿನವರನ್ನು ಒಪ್ಪಿಸಿ, ಎರಡು ದಿನ ಬಚ್ಚಲು ಬಳಸದೆ ಒಣಗಲು ಬಿಡಿ. ಆಮೇಲೆ ನೆಲದ ಜಾಲಿಗೆ ಬಿರಡೆ ಹಾಕಿ, ಎರಡು ಇಂಚು ನೀರು ನಿಲ್ಲಿಸಿ 48 ತಾಸು ಕಾಯಿರಿ. ಆಗ ಸೋರಿದರೆ ನೆಲದ ನೀರುತಡೆ ಪದರದ ದೋಷ. ನಿಂತ ನೀರಿಗೆ ಸೋರದೆ ನಲ್ಲಿ ಬಿಟ್ಟಾಗ ಮಾತ್ರ ಸೋರಿದರೆ ಪೈಪಿನದು. ಬಹಳ ಕಡೆ ಬಚ್ಚಲ ನೆಲದಡಿಯ ತಗ್ಗು ಸ್ಲ್ಯಾಬಿನಲ್ಲಿ ಇಟ್ಟಿಗೆ ಚೂರು ತುಂಬಿ, ಒಳಗೆ ಇಳಿದ ನೀರು ಹೊರಗೆ ಹೋಗಲು ಸಣ್ಣ ಪೈಪು ಇಡುವುದನ್ನೇ ಬಿಟ್ಟಿರುತ್ತಾರೆ. ಅಲ್ಲಿ ನೀರು ತಿಂಗಳಾನುಗಟ್ಟಲೆ ನಿಂತಿರುತ್ತದೆ. ಮೇಲಿನಿಂದ ಟೈಲ್ಸ್ ಸಂದಿಗೆ ಬಿಳಿ ಸಿಮೆಂಟು ಮೆತ್ತಿದರೆ ಅದು ಹೋಗುವುದಿಲ್ಲ. ಟೈಲ್ಸ್ ತೆಗೆದು, ತುಂಬಿದ್ದನ್ನೆಲ್ಲ ಹೊರಹಾಕಿ, ನೀರುತಡೆ ಪದರವನ್ನು ಗೋಡೆಗೂ ಒಂದು ಫೂಟು ಏರಿಸಿ, ಆ ಸಣ್ಣ ಪೈಪು ಕೂಡಿಸಿ, ಮತ್ತೆ 48 ತಾಸು ನೀರು ನಿಲ್ಲಿಸಿ ನೋಡಿದ ಮೇಲೆಯೇ ಟೈಲ್ಸ್ ಕೂರಿಸಬೇಕು.

ನೀರು ನಿಲ್ಲಿಸಿದ ಪರೀಕ್ಷೆಯ ಫೋಟೊಗಳನ್ನು ತಾರೀಖಿನೊಂದಿಗೆ ಸೇರಿಸಿ ಬಿಲ್ಡರಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಕಳಿಸಿ. 30 ದಿನ ಅಲ್ಲಿಂದ ಎಣಿಸಿ. ಉತ್ತರ ಬರದಿದ್ದರೆ ಕರ್ನಾಟಕ ರೇರಾದ ಜಾಲತಾಣದಲ್ಲಿ ದೂರು ದಾಖಲಿಸಬಹುದು. ಅದಕ್ಕೆ ಕರಾರು ಪತ್ರ, ಹಣ ಕಟ್ಟಿದ ರಸೀದಿ, ಸ್ವಾಧೀನ ಪತ್ರ, ಈ ಪತ್ರದ ಅಂಚೆ ರಸೀದಿ ಬೇಕಾಗುತ್ತವೆ. ಕಟ್ಟಡಕ್ಕೆ ಪಾಲಿಕೆಯ ಸ್ವಾಧೀನಾನುಭವ ಪತ್ರ ಸಿಕ್ಕಿದೆಯೇ ಎಂಬುದನ್ನೂ ಇದೇ ನೆಪದಲ್ಲಿ ಕೇಳಿ, ಪ್ರತಿ ಇಟ್ಟುಕೊಳ್ಳಿ.